ಕೈಯಲ್ಲಿ ಸುತ್ತಿದ ಸಿಗಾರ್‌ನ ಗುಣ ಅಳೆಯುವ ಕ್ರಮ

ದುಬಾರಿ ಸಿಗಾರ್ ಒಂದನ್ನು ಸೇದಿ ಮುಗಿಸಿದ ಮೇಲೆ "ಚೆನ್ನಾಗಿತ್ತು" ಎಂದೋ "ದುಡ್ಡು ದಂಡ" ಎಂದೋ ಹೇಳಿಬಿಡುವುದು ಸುಲಭ. ಆದರೆ ಆ ತೀರ್ಪು ಯಾರ ಕೆಲಸದ ಮೇಲೆ ಬಿತ್ತು ಎಂಬುದು ಅದರಿಂದ ತಿಳಿಯುವುದಿಲ್ಲ. ಸಿಗಾರ್ ನಮ್ಮ ಬಾಯಿಗೆ ಬರುವ ಹೊತ್ತಿಗೆ ಅದರ ಮೇಲೆ ನಾಲ್ಕು ಕೈಗಳು ಆಡಿರುತ್ತವೆ: ಎಲೆ ಬೆಳೆದು ಹದ ಮಾಡಿದವರದು, ಅದನ್ನು ಸುತ್ತಿದವರದು, ಅಂಗಡಿಯಲ್ಲೂ ಮನೆಯಲ್ಲೂ ಜೋಪಾನ ಮಾಡಿದವರದು, ಕೊನೆಗೆ ಕತ್ತರಿಸಿ, ಹಚ್ಚಿ ಸೇದುವವರದು. ಹೊಗೆ ಕಹಿಯಾಗಿದ್ದರೆ ತಪ್ಪು ಎಲೆಯದ್ದಿರಬಹುದು, ಅವಸರದಿಂದ ಎಳೆದವರದ್ದೂ ಇರಬಹುದು. ಗುಣ ಅಳೆಯುವುದೆಂದರೆ ಈ ನಾಲ್ಕನ್ನೂ ಬಿಡಿಸಿ ನೋಡುವುದು. ಸಿಗಾರ್ ಮೇಲೆ ಹೊರಿಸುವ ದೂರುಗಳಲ್ಲಿ ಹೆಚ್ಚಿನವು ಕೊನೆಯ ಇಬ್ಬರಿಗೆ ಸಲ್ಲಬೇಕಾದವು ಎಂಬುದು ನನ್ನ ಅಭಿಪ್ರಾಯ.

ಪ್ರೀಮಿಯಂ ಎಂಬ ಹೆಸರಿಗೆ ಬೆಲೆ ಕಾರಣವಲ್ಲ, ಕಟ್ಟುವ ರೀತಿ ಕಾರಣ. ಅಗ್ಗದ ಯಂತ್ರದ ಸಿಗಾರ್‌ನಲ್ಲಿ ಹೆಚ್ಚಾಗಿ ಕೊಚ್ಚಿದ ಎಲೆಯ ಚೂರು ತುಂಬಿರುತ್ತದೆ. ಕೈಯಲ್ಲಿ ಸುತ್ತಿದ ಸಿಗಾರ್‌ನಲ್ಲಾದರೆ ತುದಿಯಿಂದ ತುದಿಯವರೆಗೆ ಹೋಗುವ ಉದ್ದ ಎಲೆಗಳ ಫಿಲ್ಲರ್, ಅದನ್ನು ಬಿಗಿದು ಹಿಡಿಯುವ ಬೈಂಡರ್, ಹೊರಗೆ ರ‍್ಯಾಪರ್ ಎಂಬ ನಯವಾದ ಎಲೆ ಇರುತ್ತವೆ. ಫಿಲ್ಲರ್‌ನ ಎಲೆಗಳು ಗಿಡದ ಬೇರೆ ಬೇರೆ ಎತ್ತರದಿಂದ ಬರುತ್ತವೆ. ತಳದ ವೊಲಾಡೊ ಚೆನ್ನಾಗಿ ಉರಿಯುತ್ತದೆ, ನಡುವಿನ ಸೆಕೊ ಪರಿಮಳ ಕೊಡುತ್ತದೆ. ಬಿಸಿಲನ್ನು ಹೆಚ್ಚು ಉಂಡ ಮೇಲಿನ ಲಿಖೆರೊ ದಪ್ಪವಾಗಿ, ಖಾರವಾಗಿ, ನಿಧಾನ ಉರಿಯುವಂಥದು. ಆದ್ದರಿಂದಲೇ ಸುತ್ತುವವರು ಲಿಖೆರೊವನ್ನು ನಟ್ಟನಡುವೆ ಇಡುತ್ತಾರೆ. ಅದು ಒಂದು ಪಕ್ಕಕ್ಕೆ ಸರಿದಿದ್ದರೆ ಆ ಪಕ್ಕ ಹಿಂದೆ ಬಿದ್ದು ಉರಿ ಓರೆಯಾಗುತ್ತದೆ.

ಸೇದುವ ದಿನಕ್ಕೆ ಮೊದಲೇ ಪರೀಕ್ಷೆ ಶುರುವಾಗಿರುತ್ತದೆ. ಸಿಗಾರ್‌ಗೆ ಶೇ. 65ರಿಂದ 70ರಷ್ಟು ತೇವಾಂಶವೂ ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್ ತಾಪಮಾನವೂ ಹಿತ. ಮಾರ್ಚ್ ತಿಂಗಳ ಬೆಂಗಳೂರಿನ ಒಣ ಗಾಳಿಯಲ್ಲಿ ಹೊರಗೆ ಬಿಟ್ಟ ಸಿಗಾರ್‌ನ ರ‍್ಯಾಪರ್ ಬೇಗ ಗರಿಗರಿಯಾಗಿ ಸೀಳುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಅದೇ ಸಿಗಾರ್ ನೀರು ಕುಡಿದು ಉಬ್ಬಿ, ಎಳೆದರೂ ಹೊಗೆ ಬಾರದಂತಾಗುತ್ತದೆ. ಸ್ಪ್ಯಾನಿಷ್ ಸೀಡರ್ ಹಲಗೆ ಹೊದಿಸಿದ ಹ್ಯೂಮಿಡರ್, ಅಂದರೆ ತೇವ ಕಾಯುವ ಸಿಗಾರ್ ಪೆಟ್ಟಿಗೆ, ಇದ್ದರೆ ಒಳ್ಳೆಯದು. ಹೆಸರು ಸೀಡರ್ ಆದರೂ ಆ ಮರ ಮಹಾಗನಿ ಮತ್ತು ಬೇವಿನ ಕುಟುಂಬಕ್ಕೆ ಸೇರಿದ್ದು. ಹ್ಯೂಮಿಡರ್ ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಕಾಯುವ ಪೊಟ್ಟಣವೊಂದನ್ನು ಇಟ್ಟರೆ ಸಾಕು, ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ.

ಡಬ್ಬಿಯೊಳಗಿನ ತೇವಮಾಪಕವನ್ನು ಮಾತ್ರ ಕುರುಡಾಗಿ ನಂಬಬಾರದು. ಒಂದು ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಅದು ಕರಗಿ ನೀರಾಗದೆ ಒದ್ದೆ ಮರಳಿನಂತೆ ಆಗುವಷ್ಟು ನೀರು ಬೆರೆಸಿ, ಮಾಪಕದ ಜೊತೆಗೆ ಒಂದು ಬಿಗಿಯಾದ ಚೀಲದಲ್ಲಿ ಇಡೀ ದಿನ ಇಟ್ಟರೆ ಒಳಗಿನ ತೇವಾಂಶ ಶೇ. 75ಕ್ಕೆ ನಿಲ್ಲುತ್ತದೆ. ಮಾಪಕ 71 ತೋರಿಸಿದರೆ ಅದು ನಾಲ್ಕು ಅಂಕ ಕಡಿಮೆ ಹೇಳುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಸೆಕೆಗಾಲದಲ್ಲಿ ಇನ್ನೊಂದು ಅಪಾಯವಿದೆ. ಎಲೆಯೊಳಗೆ ಹೊಗೆಸೊಪ್ಪಿನ ಹುಳುವಿನ ಮೊಟ್ಟೆಗಳಿದ್ದರೆ ತಾಪಮಾನ 25 ಡಿಗ್ರಿ ದಾಟಿದಾಗ ಅವು ಒಡೆದು, ರ‍್ಯಾಪರ್ ಮೇಲೆ ಸೂಜಿ ಚುಚ್ಚಿದಂಥ ತೂತುಗಳು ಕಾಣಿಸಿಕೊಳ್ಳುತ್ತವೆ. ಅಂಥ ಸಿಗಾರ್‌ಗೆ ಅಂಕ ಕೊಡುವ ಮಾತೇ ಇಲ್ಲ. ದೂರದಿಂದ ತರಿಸಿದ ಸಿಗಾರ್‌ಗೂ ಎರಡು ವಾರವಾದರೂ ವಿಶ್ರಾಂತಿ ಕೊಡದೆ ಪರೀಕ್ಷೆಗೆ ತೆಗೆಯಬಾರದು.

ಹೋಲಿಸಿ ನೋಡುವ ಉದ್ದೇಶವಿದ್ದರೆ ಒಂದೇ ಅಳತೆಯವನ್ನು ಆರಿಸಿಕೊಳ್ಳಬೇಕು. ಸಿಗಾರ್‌ನ ದಪ್ಪವನ್ನು ಹೇಳುವ ರಿಂಗ್ ಗೇಜ್ ಎಂಬುದು ಒಂದು ಅಂಗುಲದ 64ನೇ ಭಾಗ. 5 ಅಂಗುಲ ಉದ್ದ, 50 ಗೇಜ್ ಇರುವ ರೊಬುಸ್ಟೊ ಹತ್ತಿರ ಹತ್ತಿರ 20 ಮಿಲಿಮೀಟರ್ ದಪ್ಪವಿದ್ದು, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಮುಗಿಯುವುದರಿಂದ ಕಲಿಯುವವರಿಗೆ ತಕ್ಕದ್ದು. 38 ಗೇಜ್‌ನ ತೆಳ್ಳನೆಯ ಲ್ಯಾನ್ಸೆರೊದಲ್ಲಿ ಫಿಲ್ಲರ್‌ಗೆ ಹೋಲಿಸಿದರೆ ರ‍್ಯಾಪರ್‌ನ ಪಾಲು ಹೆಚ್ಚು. ಒಂದೇ ಹೆಸರಿನ ಎರಡು ಗಾತ್ರಗಳು ಎರಡು ಬೇರೆ ರುಚಿ ಕೊಡುವುದಕ್ಕೆ ಇದೊಂದು ಕಾರಣ. ತಿರುಚಿರಾಪಳ್ಳಿ ಕಡೆಯ ಎರಡೂ ತುದಿ ತೆರೆದ ಚುಟ್ಟಾವನ್ನು ಈ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ, ಅದರ ದಾರಿಯೇ ಬೇರೆ.

ಹೊಟ್ಟೆ ಖಾಲಿ ಇರಬಾರದು. ಆದರೆ ಬೆಳ್ಳುಳ್ಳಿ ಒಗ್ಗರಣೆಯ ಊಟ ಮುಗಿಸಿ ನೇರವಾಗಿ ಕೂರುವುದೂ ಬೇಡ. ಪಕ್ಕದಲ್ಲಿ ನೀರು ಮಾತ್ರ ಇರಲಿ. ಕಾಫಿ, ವಿಸ್ಕಿಗಳು ಸಿಗಾರ್‌ಗೆ ಒಳ್ಳೆಯ ಜೊತೆಯೇ ಆದರೂ ಪರೀಕ್ಷೆಯ ದಿನ ಅವು ಸಾಕ್ಷಿಯನ್ನು ಕೆಡಿಸುತ್ತವೆ. ಊದುಬತ್ತಿ ಹಚ್ಚಿದ ಕೋಣೆ ಬೇಡ, ತಲೆಯ ಮೇಲೆ ಫ್ಯಾನ್ ತಿರುಗುತ್ತಿರುವುದಂತೂ ಬೇಡವೇ ಬೇಡ. ಗಾಳಿ ಬಡಿದ ಪಕ್ಕ ಬೇಗ ಉರಿದುಹೋದಾಗ ಬೈಗುಳ ತಿನ್ನುವವನು ಸಿಗಾರ್ ಸುತ್ತಿದವನು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾದ್ದರಿಂದ ಮತ್ತು ಈ ಹೊಗೆ ಮನೆಯ ಉಳಿದವರಿಗೂ ಹಾನಿಕರವಾದ್ದರಿಂದ, ಯಾರೂ ಇಲ್ಲದ ಸ್ವಂತ ತಾರಸಿಯಲ್ಲಿ ಗಾಳಿಗೆ ಮರೆಯಾದ ಮೂಲೆಯನ್ನು ಹುಡುಕಿಕೊಳ್ಳುವುದು ಸರಿ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ ಎಂಬುದೂ ನೆನಪಿನಲ್ಲಿರಲಿ.

ಈಗ ಕೈಗೆತ್ತಿಕೊಳ್ಳಿ. ಬೆಳಕಿಗೆ ಹಿಡಿದು ರ‍್ಯಾಪರ್‌ನ ಮೇಲಿನ ಎಣ್ಣೆಯ ಹೊಳಪು, ನರಗಳ ದಪ್ಪ, ಎಲೆಯ ಅಂಚು ಅಂಟಿಕೊಂಡಿರುವ ರೀತಿಯನ್ನು ನೋಡಬೇಕು. ಬಾಯಿಗಿಡುವ ತುದಿಯ ಕ್ಯಾಪ್‌ನಲ್ಲಿ ಒಂದರ ಕೆಳಗೊಂದು ಮೂರು ಸಣ್ಣ ಸುತ್ತುಗಳು ಕಂಡರೆ ಕ್ಯೂಬಾ ಪದ್ಧತಿಯಲ್ಲಿ ಪಳಗಿದ ಕೈ ಅದನ್ನು ಮುಗಿಸಿದೆ ಎಂದರ್ಥ. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಅರ್ಧ ಅಂಗುಲಕ್ಕೊಮ್ಮೆ ಮೆಲ್ಲಗೆ ಒತ್ತುತ್ತ, ಸ್ವಲ್ಪ ಸ್ವಲ್ಪ ತಿರುಗಿಸುತ್ತ ತುದಿಯವರೆಗೂ ಬರಬೇಕು. ಎಲ್ಲೆಡೆ ಒಂದೇ ಸಮ ಒಳಗಿಳಿದು ಮತ್ತೆ ಎದ್ದರೆ ಹದ ಸರಿ. ಒಂದೆಡೆ ಪೊಳ್ಳಾಗಿ ತಗ್ಗಿದರೆ ಅಲ್ಲಿ ಎಲೆ ಕಡಿಮೆ, ಗಂಟಿನಂತೆ ಗಟ್ಟಿಯಾಗಿದ್ದರೆ ಎಲೆ ತಿರುಚಿಕೊಂಡಿದೆ. ಆ ಜಾಗವನ್ನು ಕ್ಯಾಪ್‌ನಿಂದ ಎಷ್ಟು ದೂರವಿದೆ ಎಂದು ಬರೆದುಕೊಂಡರೆ, ಉರಿ ಅಲ್ಲಿಗೆ ತಲುಪಿದಾಗ ಏನಾಗುತ್ತದೆ ಎಂಬುದನ್ನು ಕಾದು ನೋಡಬಹುದು. ಬಣ್ಣ ನೋಡಿ ಖಾರ ಅಳೆಯುವುದು ಮಾತ್ರ ಹಳೆಯ ಭ್ರಮೆ. ಮೆಕ್ಸಿಕೋದ ಸ್ಯಾನ್ ಆಂಡ್ರೆಸ್ ಕಣಿವೆಯ ಕಡುಗಪ್ಪು ಮಡೂರೊ ಎಲೆ ಹೆಚ್ಚು ಕಾಲ ಹುದುಗಿದ್ದರಿಂದ ಸಿಹಿಯತ್ತ ವಾಲುತ್ತದೆ, ಅದನ್ನು ಹೊದ್ದ ಸಿಗಾರ್ ತಿಳಿಬಣ್ಣದ ಇನ್ನೊಂದಕ್ಕಿಂತ ಸೌಮ್ಯವಾಗಿರಲೂಬಹುದು.

ಮೂಗಿನ ಸರದಿ ಬಂದಾಗ ರ‍್ಯಾಪರ್ ಬೇರೆ, ಬೆಂಕಿ ಹಚ್ಚುವ ತೆರೆದ ತುದಿಯಾದ ಫುಟ್ ಬೇರೆ ಎಂದು ಎರಡು ಬಾರಿ ಮೂಸಬೇಕು. ಒಣಹುಲ್ಲು, ದನದ ಕೊಟ್ಟಿಗೆ, ಹೊಸ ಚರ್ಮ, ಕೋಕೋ ಇವುಗಳ ವಾಸನೆ ಬಂದರೆ ಒಳ್ಳೆಯ ಲಕ್ಷಣ. ಕೊಟ್ಟಿಗೆಯ ವಾಸನೆ ದೋಷವಲ್ಲ, ಚೆನ್ನಾಗಿ ಹುದುಗಿದ ಎಲೆಯ ಗುರುತು ಎಂದು ಸೇದುವವರು ಅದನ್ನು ಮೆಚ್ಚಿಯೇ ಹೇಳುತ್ತಾರೆ. ಅಮೋನಿಯಾ ಮೂಗಿಗೆ ಹೊಡೆದರೆ ಎಲೆ ಇನ್ನೂ ಎಳಸು, ಅದನ್ನು ಕೆಲವು ತಿಂಗಳು ಮತ್ತೆ ಡಬ್ಬಿಗೆ ಹಾಕಿಡುವುದು ಲೇಸು.

ಕ್ಯಾಪ್ ಕತ್ತರಿಸುವಾಗ ತುದಿಯಿಂದ ಸುಮಾರು 2 ಮಿಲಿಮೀಟರ್ ಮಾತ್ರ, ಹರಿತವಾದ ಕಟರ್‌ನಿಂದ, ಒಂದೇ ಏಟಿಗೆ ತೆಗೆಯಬೇಕು. ಕ್ಯಾಪ್‌ನ ಗೆರೆಯ ಕೆಳಗೆ ಹೋದರೆ ರ‍್ಯಾಪರ್ ಬಿಚ್ಚಿಕೊಳ್ಳುತ್ತದೆ. ಬೆಂಕಿ ಹಚ್ಚುವ ಮೊದಲು ಎರಡು ಮೂರು ಬಾರಿ ಬರಿದೇ ಗಾಳಿ ಎಳೆದು ನೋಡಬೇಕು. ಗಾಳಿ ಹೇಗೆ ಬರುತ್ತದೆ, ನಾಲಗೆಗೆ ಏನು ತಾಗುತ್ತದೆ ಎಂಬ ಎರಡು ಸಂಗತಿಗಳೂ ಇಲ್ಲಿ ಸಿಗುತ್ತವೆ. ಗಟ್ಟಿ ಮಿಲ್ಕ್‌ಶೇಕನ್ನು ಸ್ಟ್ರಾದಲ್ಲಿ ಎಳೆಯುವಷ್ಟು ಕಷ್ಟವೆನಿಸಿದರೆ ಡ್ರಾ, ಅಂದರೆ ಎಳೆತ, ಬಿಗಿ; ಅಡ್ಡಿಯೇ ಇಲ್ಲದಿದ್ದರೆ ಸಡಿಲ. ಬಿಗಿಯಾದುದನ್ನು ಕೂಡಲೇ ಸುತ್ತಿದವರ ತಲೆಗೆ ಕಟ್ಟಬೇಡಿ. ತೇವ ಹೆಚ್ಚಾದ ಡಬ್ಬಿಯೂ ಇದೇ ಕೆಲಸ ಮಾಡುತ್ತದೆ, ಅದೇ ಪೆಟ್ಟಿಗೆಯ ಇನ್ನೊಂದನ್ನು ಎರಡು ಮೂರು ದಿನ ಒಣ ಡಬ್ಬಿಯಲ್ಲಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಸುತ್ತುವವರ ತಪ್ಪೂ ಉಂಟು. 1990ರ ದಶಕದ ಕೊನೆಯಲ್ಲಿ ಬೇಡಿಕೆ ವಿಪರೀತ ಏರಿ, ಕ್ಯೂಬಾದ ಸಿಗಾರ್‌ಗಳು ಹೊಗೆ ಬಾರದಷ್ಟು ಬಿಗಿಯಾಗಿವೆ ಎಂಬ ದೂರು ಎಲ್ಲೆಡೆ ಕೇಳಿಬಂತು. ರ‍್ಯಾಪರ್ ಸುತ್ತುವ ಮೊದಲೇ ಒಳಕಟ್ಟಿನ ಡ್ರಾ ಅಳೆಯುವ ಯಂತ್ರಗಳು ಅಲ್ಲಿನ ಕಾರ್ಖಾನೆಗಳಿಗೆ ಬಂದದ್ದು ಆ ನಂತರ.

ಹಚ್ಚುವುದಕ್ಕೆ ಬ್ಯೂಟೇನ್ ಲೈಟರ್ ಅಥವಾ ಉದ್ದ ಕಡ್ಡಿ ಆಗಬಹುದು. ಪೆಟ್ರೋಲ್ ಬತ್ತಿಯ ಲೈಟರ್ ಮತ್ತು ಮೇಣದಬತ್ತಿ ತಮ್ಮ ವಾಸನೆಯನ್ನು ಎಲೆಗೆ ಮೆತ್ತುತ್ತವೆ. ಜ್ವಾಲೆ ಎಲೆಗೆ ತಾಗದಂತೆ ಕೆಳಗೆ ಹಿಡಿದು, ಸಿಗಾರ್ ತಿರುಗಿಸುತ್ತ ಫುಟ್‌ನ ಅಂಚೆಲ್ಲ ಸಮನಾಗಿ ಕೆಂಪಾಗುವವರೆಗೆ ಬಿಸಿ ಮಾಡಿ, ಆಮೇಲಷ್ಟೇ ಬಾಯಿಗಿಟ್ಟು ಎಳೆಯಬೇಕು. ಮೊದಲ ಮೂರು ನಾಲ್ಕು ದಮ್ಮಿಗೆ ಅಂಕ ಕೊಡಬಾರದು, ಅವುಗಳಲ್ಲಿ ಸುಟ್ಟ ಅಂಚಿನ ರುಚಿಯೇ ಹೆಚ್ಚು.

ಆ ಮೇಲೆ ಎಲ್ಲವೂ ವೇಗದ ಮೇಲೆ ನಿಂತಿದೆ. ನಿಮಿಷಕ್ಕೆ ಒಂದು ದಮ್ಮು ಎಂಬ ಲೆಕ್ಕ ಬಹುಪಾಲು ಸಿಗಾರ್‌ಗಳಿಗೆ ಸರಿಹೋಗುತ್ತದೆ. ಅದಕ್ಕಿಂತ ಬೇಗ ಎಳೆದರೆ ಕೆಂಡ ಕಾದು, ಎಲೆಯ ಸಿಹಿ ಅಂಶಗಳು ಸುಟ್ಟು, ಹೊಗೆ ಬಿಸಿಯಾಗಿ ಕಹಿಯಾಗುತ್ತದೆ. ತೀರಾ ನಿಧಾನವಾದರೆ ಆರಿಹೋಗುತ್ತದೆ, ಮತ್ತೆ ಹಚ್ಚಿದಾಗ ಮಸಿಯ ರುಚಿ ಬರುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ಮಾತಿನ ಭರದಲ್ಲಿ ಅರ್ಧ ಗಂಟೆಯಲ್ಲಿ ಒಂದು ರೊಬುಸ್ಟೊ ಮುಗಿಸಿ ಅದನ್ನು ಕಹಿ ಎಂದು ದೂರುವವರು ಕಡಿಮೆಯೇನಿಲ್ಲ. ಕಹಿ ಬಂದಾಗ ಎರಡು ನಿಮಿಷ ಕೆಳಗಿಟ್ಟು ನೋಡಬೇಕು: ಹೋದರೆ ತಪ್ಪು ನಮ್ಮದು, ಹೋಗದಿದ್ದರೆ ಎಲೆಯದು.

ಉರಿಯ ಗೆರೆ ಸುತ್ತಲೂ ಒಂದೇ ಸಮ ಇಳಿಯುತ್ತಿದೆಯೇ ಎಂದು ಆಗಾಗ ಗಮನಿಸಬೇಕು. ಒಂದು ಪಕ್ಕ ದೋಣಿಯ ಆಕಾರದಲ್ಲಿ ಮುಂದೆ ಓಡಿದರೆ ಮೊದಲು ಹಚ್ಚಿದ ರೀತಿಯನ್ನೂ ಗಾಳಿಯನ್ನೂ ಅನುಮಾನಿಸಿ, ಒಮ್ಮೆ ಲೈಟರ್‌ನಿಂದ ಸರಿಪಡಿಸಬೇಕು. ಸರಿಪಡಿಸಿದ ಮೇಲೂ ಮತ್ತೆ ಮತ್ತೆ ಅದೇ ಪಕ್ಕ ಓಡಿದರೆ ಒಳಗೆ ಎಲೆ ಜೋಡಣೆ ತಪ್ಪಿದೆ. ಒಳಗಿನ ಫಿಲ್ಲರ್ ಉರಿದು, ರ‍್ಯಾಪರ್ ಸುರಂಗದ ಗೋಡೆಯಂತೆ ಉಳಿದರೆ ತೇವದ ರ‍್ಯಾಪರ್ ಅಥವಾ ಕೆಟ್ಟ ಸುತ್ತುವಿಕೆ ಕಾರಣ. ಬೂದಿಯ ಬಗ್ಗೆ ಇರುವ ಮೋಹಕ್ಕೆ ಅಷ್ಟು ಆಧಾರವಿಲ್ಲ. ಅದು ಒಂದು ಅಂಗುಲದಷ್ಟು ಗಟ್ಟಿಯಾಗಿ ನಿಂತರೆ ಎಲೆಗಳು ಉದ್ದವಾಗಿವೆ, ಕಟ್ಟು ಬಿಗಿಯಾಗಿದೆ ಎಂದು ಗೊತ್ತಾಗುತ್ತದೆ. ಬಿಳಿಯೋ ಬೂದುಬಣ್ಣವೋ ಎಂಬುದು ಮುಖ್ಯವಾಗಿ ಮಣ್ಣಿನ ಖನಿಜಗಳಿಗೆ ಸಂಬಂಧಪಟ್ಟದ್ದು, ರುಚಿಯ ಸಾಕ್ಷಿಯಲ್ಲ.

ರುಚಿಯ ಕಡೆಗೆ ಬಂದರೆ, ಸಿಗಾರ್ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲಿ ತುಂಬಿಸಿಕೊಂಡು ಎರಡು ಮೂರು ಸೆಕೆಂಡು ತಡೆದು ಬಿಡುತ್ತಾರೆ. ಆದರೆ ನಾಲಗೆ ಒಂದಕ್ಕೇ ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ಮೂಲ ರುಚಿಗಳಿಗಿಂತ ಹೆಚ್ಚೇನೂ ತಿಳಿಯದು. ಉಳಿದದ್ದೆಲ್ಲ ಮೂಗಿನ ಕೆಲಸ. ಹೊಗೆಯ ಬಹುಪಾಲನ್ನು ಮೊದಲು ಬಾಯಿಂದ ಹೊರಬಿಟ್ಟು, ತುಟಿ ಮುಚ್ಚಿ, ಒಮ್ಮೆ ನುಂಗಿದಂತೆ ಗಂಟಲು ಆಡಿಸಿ, ಉಳಿದ ಅಲ್ಪ ಹೊಗೆಯನ್ನು ಮೂಗಿನಿಂದ ಮೆಲ್ಲಗೆ ಬಿಟ್ಟರೆ ಕಾಳುಮೆಣಸು, ದಾಲ್ಚಿನ್ನಿ, ಗಂಧದ ಚಕ್ಕೆಯಂಥ ಸೂಕ್ಷ್ಮಗಳು ತಾವಾಗಿ ತೆರೆದುಕೊಳ್ಳುತ್ತವೆ. ಇದನ್ನು ಪ್ರತಿ ದಮ್ಮಿಗೂ ಮಾಡುವ ಅಗತ್ಯವಿಲ್ಲ. ಪ್ರತಿ ಮೂರನೇ ಒಂದು ಭಾಗದಲ್ಲಿ ನಾಲ್ಕೈದು ಸಲ ಸಾಕು, ಹೆಚ್ಚಾದರೆ ಮೂಗು ಮರಗಟ್ಟುತ್ತದೆ.

ಬರೆಯುವ ಪದಗಳು ತಮ್ಮ ಅಡುಗೆಮನೆಯವೇ ಆಗಿರಲಿ. ವಿದೇಶಿ ವಿಮರ್ಶೆಗಳನ್ನು ಓದಿ, ಎಂದೂ ಬಾಯಿಗೆ ಹಾಕದ ಹಣ್ಣುಗಳ ಹೆಸರನ್ನು ಟಿಪ್ಪಣಿಗೆ ತುರುಕುವುದರಿಂದ ಮುಂದೆ ನಮಗೇ ಪ್ರಯೋಜನವಿಲ್ಲ. ಹುರಿದ ಕಡಲೆಬೀಜ, ಆಲೆಮನೆಯ ಬಿಸಿ ಬೆಲ್ಲ, ಚಿಕೋರಿ ಬೆರೆಸಿದ ಕಾಫಿಪುಡಿ, ಒಣಕೊಬ್ಬರಿ, ಬಲಿಯದ ಅಡಿಕೆಯ ಒಗರು, ಮಳೆ ಬಿದ್ದ ಮಣ್ಣು ಎಂದು ಬರೆದರೆ ಆರು ತಿಂಗಳ ನಂತರ ಓದಿದಾಗಲೂ ಬಾಯಿಗೆ ಅದೇ ನೆನಪು ಬರುತ್ತದೆ. ಸಿಗಾರನ್ನು ಮೂರು ಭಾಗ ಮಾಡಿಕೊಂಡು ಒಂದೊಂದಕ್ಕೂ ಬೇರೆ ಟಿಪ್ಪಣಿ ಬರೆಯುವುದು ವಾಡಿಕೆ. ನಿಕರಾಗುವಾದ ಎಸ್ತೆಲಿ ಕಡೆಯ ಎಲೆಯ ಸಿಗಾರ್ ಅನೇಕ ಸಲ ಮೆಣಸಿನ ಖಾರದಿಂದ ಶುರುವಾಗಿ, ನಡುವಿನಲ್ಲಿ ಕೋಕೋ ಮತ್ತು ಕಾಫಿಯತ್ತ ಇಳಿದು, ಕೊನೆಯಲ್ಲಿ ಮತ್ತೆ ಬಲಗೊಳ್ಳುತ್ತದೆ. ಇಂಥ ತಿರುವುಗಳಿದ್ದರೆ ಅಂಕ ಏರಲಿ. ತಿರುವೇ ಇಲ್ಲದೆ ಒಂದೇ ಹಿತವಾದ ರುಚಿ ಕಡೆಯವರೆಗೂ ನಡೆದರೆ ಅದನ್ನು ದೋಷವೆಂದು ಕರೆಯಲು ನಾನು ಒಪ್ಪುವುದಿಲ್ಲ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ನೆರಳಿನಡಿ ಬೆಳೆದ ಎಲೆ ಹೊದ್ದ ಸೌಮ್ಯ ಸಿಗಾರ್‌ಗಳು ಕೊಡಲು ಹೊರಟಿರುವುದೇ ಅದನ್ನು.

ಹೊಸಬರು ಹೆಚ್ಚು ಎಡವುವುದು ಬಲ, ಹೊಗೆಯ ಮೈ, ರುಚಿ ಈ ಮೂರನ್ನು ಕಲಸಿಕೊಳ್ಳುವಲ್ಲಿ. ಬಲವೆಂದರೆ ನಿಕೋಟಿನ್, ಅದು ತಿಳಿಯುವುದು ತಲೆಗೆ ಮತ್ತು ಹೊಟ್ಟೆಗೆ. ಮೈ ಎಂದರೆ ಬಾಯಲ್ಲಿ ಹೊಗೆ ಎಷ್ಟು ದಟ್ಟ, ಎಷ್ಟು ನುಣುಪು ಎನ್ನುವುದು. ರುಚಿ ಇವೆರಡರಿಂದಲೂ ಬೇರೆ. ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್ ಎಂಬ ಎಲೆ ಒಣಗಿಸುವ ಮನೆಗಳಲ್ಲಿ ಬಿಸಿಗಾಳಿಗೆ ಹದವಾಗುವ ಸಿಗರೇಟು ಹೊಗೆಸೊಪ್ಪಿನಲ್ಲಿ ಸಕ್ಕರೆ ಉಳಿಯುವುದರಿಂದ ಅದರ ಹೊಗೆ ಆಮ್ಲೀಯ. ಸಿಗಾರ್ ಎಲೆಯಾದರೋ ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ಒಣಗಿ, ಆಮೇಲೆ ರಾಶಿಯಲ್ಲಿ ಬೆವತು ಹುದುಗುವಷ್ಟರಲ್ಲಿ ಸಕ್ಕರೆಯನ್ನು ಕಳೆದುಕೊಂಡಿರುತ್ತದೆ, ಅದರ ಹೊಗೆ ಕ್ಷಾರದ ಕಡೆಗೆ ವಾಲುತ್ತದೆ. ಕ್ಷಾರೀಯ ಹೊಗೆಯ ನಿಕೋಟಿನನ್ನು ಬಾಯಿಯ ಒಳಪೊರೆಯೇ ಹೀರಿಕೊಳ್ಳುತ್ತದೆ. ಎದೆಗೆ ಎಳೆಯುವುದಿಲ್ಲವಾದ್ದರಿಂದ ಅಪಾಯವಿಲ್ಲ ಎಂಬ ಮಾತು ಆದ್ದರಿಂದಲೇ ಸುಳ್ಳು. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗೆ ಸಿಗಾರ್ ನೇರ ಕಾರಣಗಳಲ್ಲೊಂದು. ಬೆವರು, ತಲೆಸುತ್ತು, ಓಕರಿಕೆ ಕಾಣಿಸಿದರೆ ಪರೀಕ್ಷೆ ಅಲ್ಲಿಗೆ ನಿಲ್ಲಬೇಕು. ಅಂಥ ಹೊತ್ತಿನಲ್ಲಿ ನೀರು ಕುಡಿದು, ಸಿಹಿ ಏನಾದರೂ ಬಾಯಿಗೆ ಹಾಕಿಕೊಂಡು ಕೂರುವುದು ರೂಢಿ. ಟಿಪ್ಪಣಿಯಲ್ಲಿ ಬಲಕ್ಕೆ ಬೇರೆ ಸಾಲಿರಲಿ, ಅದಕ್ಕೆ ಅಂಕ ಬೇಡ. ತಲೆ ತಿರುಗಿಸಿದ್ದು ಒಳ್ಳೆಯ ಸಿಗಾರ್ ಎಂಬ ಲೆಕ್ಕ ಹುಡುಗಾಟಿಕೆಯದು.

ಅಂಕ ಹಂಚುವ ಪದ್ಧತಿಗಳು ಹಲವಿವೆ. ನನಗೆ ಒಗ್ಗಿರುವುದು ನೂರರಲ್ಲಿ ನೋಟ ಮತ್ತು ಕಟ್ಟಿಗೆ 15, ಡ್ರಾ ಮತ್ತು ಉರಿಗೆ 25, ರುಚಿಗೆ 40, ಮೂರು ಭಾಗಗಳ ಹೊಂದಾಣಿಕೆಗೆ 20. ಒಂದೊಂದು ಕಡಿತದ ಎದುರಿಗೂ ಎಲೆ, ಸುತ್ತು, ಜೋಪಾನ, ಸೇದಿಕೆ ಇವುಗಳಲ್ಲಿ ಕಾರಣ ಯಾವುದು ಎಂದು ಬರೆಯಬೇಕು, ಕೊನೆಯ ಎರಡರಿಂದಾದ ಕಡಿತವನ್ನು ಲೆಕ್ಕಕ್ಕೆ ಹಿಡಿಯದೆ ಬಿಡಬೇಕು. ಸುತ್ತಿನ ದೋಷ ಒಂದೇ ಸಿಗಾರ್‌ನದಾಗಿರಬಹುದಾದ್ದರಿಂದ, ಅದೇ ಪೆಟ್ಟಿಗೆಯ ಇನ್ನೊಂದನ್ನು ಬೇರೆ ದಿನ ಸೇದುವ ತನಕ ಅಂಕವನ್ನು ಪೆನ್ಸಿಲಿನಲ್ಲೇ ಇಡುವುದು ವಾಸಿ.

ಸಿಗಾರ್‌ಗೆ ಸುತ್ತಿದ ಬ್ಯಾಂಡ್ ಎಂಬ ಹೆಸರಿನ ಪಟ್ಟಿ ಕಣ್ಣಿಗೆ ಬಿದ್ದರೆ ನಾಲಗೆ ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ಬೆಂಕಿ ಹಚ್ಚುವ ಮೊದಲು ಅದನ್ನು ಕೀಳಲು ಹೋದರೆ ಕೆಲವೊಮ್ಮೆ ಅಂಟಿನ ಜೊತೆ ರ‍್ಯಾಪರ್ ಕೂಡ ಕಿತ್ತುಬರುವುದರಿಂದ, ಸ್ನೇಹಿತರೊಬ್ಬರಿಂದ ಅದರ ಮೇಲೆ ಬಿಳಿ ಕಾಗದದ ಪಟ್ಟಿ ಸುತ್ತಿಸಿ ಸಂಖ್ಯೆ ಬರೆಸಿಕೊಳ್ಳುವುದು ಅನುಕೂಲ. ಹೆಸರಿನ ಮೋಸಕ್ಕೆ ಇನ್ನೂ ಒಂದು ದಾರಿಯಿದೆ. 1962ರಿಂದ ಕ್ಯೂಬಾದ ಮೇಲೆ ಅಮೆರಿಕದ ವ್ಯಾಪಾರ ನಿರ್ಬಂಧವಿರುವುದರಿಂದ ಅಮೆರಿಕದ ಅಂಗಡಿಗಳಲ್ಲಿ ಸಿಗುವ ಕೊಹಿಬಾ, ಮಾಂಟೆಕ್ರಿಸ್ಟೊ ಎಂಬ ಕ್ಯೂಬಾ ಮೂಲದ ಹೆಸರಿನ ಸಿಗಾರ್‌ಗಳು ಕ್ಯೂಬಾದವಲ್ಲ, ಬೇರೆ ಕಂಪನಿಗಳು ಹೆಚ್ಚಾಗಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಮಾಡಿಸುವಂಥವು. ಅಮೆರಿಕದಲ್ಲಿರುವ ಅಣ್ಣ ಹೊಗಳಿದ ಮಾಂಟೆಕ್ರಿಸ್ಟೊವೂ ದುಬೈಯಿಂದ ತಮ್ಮ ತಂದ ಮಾಂಟೆಕ್ರಿಸ್ಟೊವೂ ಒಂದೇ ಅಲ್ಲ, ಇಬ್ಬರ ಟಿಪ್ಪಣಿಯನ್ನೂ ಒಂದೇ ಪುಟಕ್ಕೆ ಸೇರಿಸಬಾರದು. ನಕಲಿಗಳ ವಿಚಾರದಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆಯ ಕೊಹಿಬಾ ಯಾರು ಕೊಟ್ಟರೂ ನಂಬಬೇಡಿ. ಕ್ಯೂಬಾದ ಅಸಲಿ ಪೆಟ್ಟಿಗೆಗೆ ಹಸಿರು ಮುದ್ರಾಪಟ್ಟಿ ಇರುತ್ತದೆ, ತಳದಲ್ಲಿ ಕಾರ್ಖಾನೆಯ ಸಂಕೇತವೂ ಪೆಟ್ಟಿಗೆ ತುಂಬಿದ ತಿಂಗಳು ವರ್ಷವೂ ಒತ್ತಿರುತ್ತವೆ. ಆ ತಿಂಗಳನ್ನು ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆದುಕೊಂಡರೆ ಎಲೆಯ ವಯಸ್ಸಿನ ಲೆಕ್ಕ ಮುಂದೆ ಸುಲಭವಾಗುತ್ತದೆ.

ಕೊನೆಯ ಮೂರನೇ ಒಂದು ಭಾಗದಲ್ಲಿ ಟಾರ್ ಮತ್ತು ತೇವ ಕೂಡಿಕೊಂಡು ಎಲ್ಲ ಸಿಗಾರ್‌ಗಳೂ ಸ್ವಲ್ಪ ಒರಟಾಗುತ್ತವೆ. ಹಾಗಾದಾಗ ಬಾಯಿಂದ ಒಮ್ಮೆ ಮೆಲ್ಲಗೆ ಹೊರಕ್ಕೆ ಊದಿದರೆ ಒಳಗೆ ನಿಂತ ಹಳಸು ಹೊಗೆ ಹೋಗಿ ರುಚಿ ತಿಳಿಯಾಗುವುದುಂಟು. ಬೆರಳಿಗೆ ಬಿಸಿ ತಾಗುವ ತನಕ ಸೇದಿದರೆ ಮಾತ್ರ ಪರೀಕ್ಷೆ ಪೂರ್ತಿಯಾಯಿತು ಎಂಬ ನಿಯಮವೇನೂ ಇಲ್ಲ. ರುಚಿ ಕೆಟ್ಟ ಜಾಗದಲ್ಲಿ ನಿಲ್ಲಿಸಿ, ಉಳಿದ ತುಂಡಿನ ಉದ್ದವನ್ನು ಅಳೆದು ಬರೆದರೆ ಅದೂ ಒಂದು ಅಂಕಿಯೇ. ನೆಲಕ್ಕೆ ಒರೆಸಿ ನಂದಿಸಿದರೆ ವಾಸನೆ ಕೋಣೆಯಲ್ಲೇ ಉಳಿಯುತ್ತದೆ, ಆಶ್‌ಟ್ರೇಯಲ್ಲಿ ಬಿಟ್ಟರೆ ಕೆಲವು ನಿಮಿಷಗಳಲ್ಲಿ ತಾನಾಗಿ ಆರುತ್ತದೆ. ಅಷ್ಟು ಹೊತ್ತು ಬಾಯಲ್ಲಿ ಉಳಿಯುವ ರುಚಿಯನ್ನು ಗಮನಿಸಿ, ಅದು ಬೆಲ್ಲವೋ ಬೂದಿಯೋ ಎಂದು ಕೊನೆಯ ಸಾಲು ಬರೆದುಕೊಳ್ಳಬಹುದು.